ಹಳೆಯ ಅಪರಾಧ ಪ್ರಕರಣಗಳಲ್ಲಿ ವಿಶ್ವವಿದ್ಯಾಲಯ–ಪೊಲೀಸ್ ಸಹಯೋಗ

ಸಾಕ್ಷ್ಯದ ಕೊರತೆಯಿಂದ ತನಿಖೆ ನಿಂತುಹೋದ ಅಪರಾಧ ಪ್ರಕರಣಗಳನ್ನು 'ಕೋಲ್ಡ್ ಕೇಸ್' ಎಂದು ಕರೆಯುತ್ತಾರೆ. ಇವುಗಳನ್ನು ಬಗೆಹರಿಸಲು ಪೊಲೀಸರು ವಿಶ್ವವಿದ್ಯಾಲಯಗಳ ಪ್ರಯೋಗಾಲಯ, ವಿದ್ವಾಂಸರು ಹಾಗೂ ವಿದ್ಯಾರ್ಥಿಗಳ ನೆರವು ಪಡೆಯುವುದು ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್ ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ಸಹಾಯ ಕೋರಿದ್ದು ಇದರ ಪ್ರಸಿದ್ಧ ಉದಾಹರಣೆ. ಕೊಲೆಯ ತನಿಖೆಯಲ್ಲಿ ಡಿಎನ್‌ಎ ಪರೀಕ್ಷೆ ಮೊದಲು ಬಳಕೆಯಾದುದು ಈ ಪ್ರಕರಣದಲ್ಲಿಯೇ.

ಹಿನ್ನೆಲೆ

ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಲೆಕ್ ಜೆಫ್ರೀಸ್ ಅವರು 1984ರ ಸೆಪ್ಟೆಂಬರ್ 10ರಂದು ಡಿಎನ್‌ಎ ಬೆರಳಚ್ಚಿನ ತತ್ತ್ವವನ್ನು ಕಂಡುಕೊಂಡರು. ಡಿಎನ್‌ಎಯ ಕೆಲವು ಭಾಗಗಳಲ್ಲಿ ಒಂದೇ ಬಗೆಯ ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಅವು ಎಷ್ಟು ಬಾರಿ ಬರುತ್ತವೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದರಿಂದ, ಈ ವಿನ್ಯಾಸದ ಮೂಲಕ ಒಬ್ಬರನ್ನು ಇನ್ನೊಬ್ಬರಿಂದ ಪ್ರತ್ಯೇಕಿಸಬಹುದು. ಅವಳಿ-ಜವಳಿಗಳಲ್ಲಿ ತದ್ರೂಪಿಗಳಾದವರು ಮಾತ್ರ ಇದಕ್ಕೆ ಹೊರತು. ಬ್ರಿಟನ್ನಿನ ಗೃಹ ಇಲಾಖೆಯ ವಿಧಿವಿಜ್ಞಾನಿಗಳಾದ ಪೀಟರ್ ಗಿಲ್ ಮತ್ತು ಡೇವಿಡ್ ವೆರೆಟ್ ಅವರು ಜೆಫ್ರೀಸ್ ಅವರೊಡನೆ ಸೇರಿ, ಒಣಗಿದ ಕಲೆಗಳಿಂದಲೂ ಡಿಎನ್‌ಎ ಪಡೆಯಬಹುದೆಂದು 1985ರಲ್ಲಿ ತೋರಿಸಿದರು. ಇದರಿಂದ ಹಳೆಯ ಪ್ರಕರಣಗಳಲ್ಲಿ ಸಂರಕ್ಷಿಸಿಟ್ಟಿದ್ದ ಮಾದರಿಗಳಿಗೆ ಹೊಸ ಬೆಲೆ ಬಂದಿತು.

ಲೆಸ್ಟರ್‌ಶೈರ್ ಪ್ರಕರಣ

1983ರ ನವೆಂಬರಿನಲ್ಲಿ ಲೆಸ್ಟರ್ ಸಮೀಪದ ನಾರ್ಬರೋ ಗ್ರಾಮದಲ್ಲಿ 15 ವರ್ಷದ ಬಾಲಕಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಅಪರಾಧಿ ಪತ್ತೆಯಾಗಲಿಲ್ಲ. 1986ರ ಜುಲೈನಲ್ಲಿ ನೆರೆಯ ಎಂಡರ್ಬಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಬಾಲಕಿ ಅದೇ ರೀತಿ ಕೊಲೆಯಾದಳು. ವಿಚಾರಣೆಯಲ್ಲಿ 17 ವರ್ಷದ ಸ್ಥಳೀಯ ಯುವಕನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡನು, ಮೊದಲನೆಯದನ್ನು ನಿರಾಕರಿಸಿದನು. ಎರಡೂ ಅವನದೇ ಕೃತ್ಯವೆಂದು ನಂಬಿದ್ದ ಪೊಲೀಸರು ಅದನ್ನು ದೃಢಪಡಿಸಿಕೊಳ್ಳಲು ಜೆಫ್ರೀಸ್ ಅವರನ್ನು ಸಂಪರ್ಕಿಸಿದರು.

ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು. ಎರಡೂ ಕೃತ್ಯಗಳನ್ನು ಎಸಗಿದವನು ಒಬ್ಬನೇ, ಆದರೆ ಅವನು ಈ ಯುವಕನಲ್ಲ ಎಂಬುದು ಖಚಿತವಾಯಿತು. ತಪ್ಪೊಪ್ಪಿಗೆ ಇದ್ದರೂ ಯುವಕನ ಬಿಡುಗಡೆಯಾಯಿತು. ಡಿಎನ್‌ಎ ಸಾಕ್ಷ್ಯದಿಂದ ನಿರಪರಾಧಿಯೆಂದು ಸಾಬೀತಾದವರಲ್ಲಿ ಅವನು ಮೊದಲಿಗನು.

1987ರಲ್ಲಿ ಸುತ್ತಲಿನ ಗ್ರಾಮಗಳ ಸುಮಾರು 5,000 ಪುರುಷರಿಂದ ರಕ್ತ ಮತ್ತು ಲಾಲಾರಸದ ಮಾದರಿಗಳನ್ನು ಸಂಗ್ರಹಿಸಲಾಯಿತು. ಯಾವುದೂ ಹೊಂದಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲು ಸಹೋದ್ಯೋಗಿಯೊಬ್ಬನಿಂದ ರಕ್ತ ಕೊಡಿಸಿದ್ದನು. ಆ ಸಹೋದ್ಯೋಗಿ ಪಬ್ ಒಂದರಲ್ಲಿ ಆಡಿದ ಮಾತು ಪೊಲೀಸರಿಗೆ ತಲುಪಿ, ಸೆಪ್ಟೆಂಬರಿನಲ್ಲಿ ಪಿಚ್‌ಫೋರ್ಕ್‌ನ ಬಂಧನವಾಯಿತು. ಅವನ ಡಿಎನ್‌ಎ ಎರಡೂ ಮಾದರಿಗಳೊಡನೆ ಹೊಂದಿತು. 1988ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ನಂತರದ ಬೆಳವಣಿಗೆ

ಇಂದಿನ ಸಹಯೋಗಗಳು ಪ್ರಯೋಗಾಲಯದ ಪರೀಕ್ಷೆಗೆ ಸೀಮಿತವಾಗಿಲ್ಲ. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ವಿಲಿಯಂ ಬಾಸ್ ಆರಂಭಿಸಿದ ಕೇಂದ್ರವು ಮೃತದೇಹಗಳು ಕೊಳೆಯುವ ಕ್ರಮವನ್ನು ಅಧ್ಯಯನ ಮಾಡಿ, ಸಾವಿನ ಕಾಲವನ್ನು ಅಂದಾಜು ಮಾಡಲು ನೆರವಾಗುತ್ತದೆ. ವೆಸ್ಟರ್ನ್ ಮಿಚಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರಾಜ್ಯ ಪೊಲೀಸರ ಹಳೆಯ ಕಡತಗಳನ್ನು ಓದಿ, ವಿಂಗಡಿಸಿ, ಗಣಕೀಕರಿಸುತ್ತಾರೆ. ನ್ಯೂಜೆರ್ಸಿಯ ರಾಮಪೊ ಕಾಲೇಜಿನಲ್ಲಿ 2022ರಲ್ಲಿ ಸ್ಥಾಪನೆಯಾದ ಕೇಂದ್ರವು ಡಿಎನ್‌ಎ ಹೋಲಿಕೆಯ ಮೂಲಕ ದೂರದ ಬಂಧುಗಳನ್ನು ಗುರುತಿಸಿ, ವಂಶವೃಕ್ಷದ ನೆರವಿನಿಂದ ಅಪರಿಚಿತ ವ್ಯಕ್ತಿಗಳ ಗುರುತನ್ನು ಶೋಧಿಸುತ್ತದೆ.

ಮಿತಿಗಳು

ಕಲುಷಿತವಾದ ಅಥವಾ ಕಳೆದುಹೋದ ಮಾದರಿಗಳಿಂದ ಉತ್ತರ ದೊರೆಯುವುದಿಲ್ಲ. ಡಿಎನ್‌ಎ ಹೊಂದಿಕೆಯು ಮಾದರಿ ಯಾರದೆಂದು ತಿಳಿಸುತ್ತದೆಯೇ ಹೊರತು ಅದು ಅಲ್ಲಿಗೆ ಹೇಗೆ ಬಂದಿತೆಂಬುದನ್ನಲ್ಲ. ಲೆಸ್ಟರ್‌ಶೈರ್ ಪ್ರಕರಣದಲ್ಲಿಯೂ ವಿಜ್ಞಾನದ ಕಣ್ಣು ತಪ್ಪಿಸಿದವನು ಸಿಕ್ಕಿದ್ದು ಒಂದು ಮಾತಿನ ಸುಳಿವಿನಿಂದ. ವೈಯಕ್ತಿಕ ಗೋಪ್ಯತೆಯ ಪ್ರಶ್ನೆಯೂ ಇದೆ. ಬ್ರಿಟನ್ 1995ರಲ್ಲಿ ರಾಷ್ಟ್ರೀಯ ಡಿಎನ್‌ಎ ದತ್ತಸಂಚಯವನ್ನು ಆರಂಭಿಸಿತು. ಶಿಕ್ಷೆಯಾಗದವರ ಮಾದರಿಗಳನ್ನು ಅದರಲ್ಲಿ ಅನಿರ್ದಿಷ್ಟ ಕಾಲ ಉಳಿಸಿಕೊಳ್ಳುವುದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿತು.