ಬೆನ್ನುನೋವಿನವರೂ ಎ.ಟಿ.ವಿ. ಸವಾರಿಯೂ

ನಾಲ್ಕು ದಪ್ಪ ಟೈರುಗಳ ಮೇಲೆ, ಮೋಟಾರ್ ಸೈಕಲ್ಲಿನಲ್ಲಿ ಕುಳಿತಂತೆ ಕಾಲುಗಳನ್ನು ಇಕ್ಕೆಲಕ್ಕೆ ಇಟ್ಟು ಕುಳಿತು ಓಡಿಸತಕ್ಕ ಎ.ಟಿ.ವಿ. ಎಂಬ ವಾಹನವು ನ್ಯೂಜಿಲೆಂಡಿನ ಗುಡ್ಡಗಳಲ್ಲಿ ಕುರಿ ಸಾಕುವವರಿಗೂ ಅಮೆರಿಕದ ದನಗಳ ಒಡೆಯರಿಗೂ ನಿತ್ಯದ ದುಡಿಮೆಯ ಸಾಧನವಾಗಿದೆ. ನಮ್ಮ ಕೊಡಗಿನ ಕಡೆ ಪ್ರವಾಸಿಗರ ವಿನೋದಕ್ಕೂ ಒದಗುತ್ತಿದೆ. ದಾರಿಯಿಲ್ಲದ ಕಡೆ ಹೋಗುವುದೇ ಅದರ ಧರ್ಮವಾದುದರಿಂದ, ಕಲ್ಲು, ಕೊರಕಲು, ಮರದ ಬೇರುಗಳ ಪೆಟ್ಟು ಸವಾರನ ಬೆನ್ನನ್ನು ಮುಟ್ಟದೆ ಇರದು. ಬೆನ್ನುನೋವಿರುವವರು ಇದಕ್ಕೆ ಮೊದಲು ನೆನೆಯುವ ಪರಿಹಾರ ಸೀಟಿನ ಮೇಲೊಂದು ದಪ್ಪ ಮೆತ್ತೆ. ಮೆತ್ತೆಯಿಂದ ಉಪಕಾರವಿಲ್ಲವೆಂದು ನಾನು ಹೇಳಲಾರೆ. ಆದರೆ ಅದಕ್ಕೂ ಮುನ್ನ ಟೈರಿನ ಗಾಳಿಯನ್ನೂ ಸವಾರನ ಮೊಣಕಾಲುಗಳನ್ನೂ ವಿಚಾರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1970ರಲ್ಲಿ ಹೋಂಡಾ ಕಂಪನಿಯು ಅಮೆರಿಕದಲ್ಲಿ ಮಾರಾಟಕ್ಕೆ ತಂದ ಯು.ಎಸ್. 90 ಎಂಬ ಮೂರು ಗಾಲಿಯ ಗಾಡಿಗೆ ಸ್ಪ್ರಿಂಗಾಗಲಿ ಶಾಕ್ ಅಬ್ಸಾರ್ಬರಾಗಲಿ ಇರಲಿಲ್ಲ. ಅಲ್ಪ ಗಾಳಿಯ ಉಬ್ಬುಟೈರುಗಳೇ ನೆಲದ ಏಟನ್ನೆಲ್ಲ ನುಂಗಿಕೊಳ್ಳಬೇಕಾಗಿತ್ತು. ಮುಂದೆ ನಾಲ್ಕು ಗಾಲಿಗಳೂ ಬಂದುವು, ಸ್ಪ್ರಿಂಗುಗಳೂ ಬಂದುವು. ಟೈರಿನ ಆ ಕರ್ತವ್ಯ ಮಾತ್ರ ಇಂದಿಗೂ ತಪ್ಪಿಲ್ಲ. ಕಾರಿನ ಟೈರಿಗೆ 30 ಪೌಂಡಿಗೂ ಮೇಲ್ಪಟ್ಟ ಒತ್ತಡ ಬೇಕಾದರೆ ಈ ವಾಹನಕ್ಕೆ ಸಾಮಾನ್ಯವಾಗಿ 4ರಿಂದ 7 ಪೌಂಡು ಸಾಕು. ಇಷ್ಟು ಸಣ್ಣ ಮೊತ್ತದಲ್ಲಿ ಎರಡು ಮೂರು ಪೌಂಡು ಹೆಚ್ಚಾದರೂ ಟೈರು ಸೆಟೆದುಕೊಂಡು, ಪ್ರತಿಯೊಂದು ಕಲ್ಲಿನ ಸುದ್ದಿಯನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಕಾರಿನ ಟೈರನ್ನಳೆಯುವ ಮಾಪಕವು ಈ ಅಲ್ಪ ಒತ್ತಡವನ್ನು ಸರಿಯಾಗಿ ತೋರಿಸಲಾರದು. ಅಲ್ಪ ಒತ್ತಡಕ್ಕೆಂದೇ ಮಾಡಿದ ಮಾಪಕವನ್ನು ಇಟ್ಟುಕೊಂಡು, ಗಾಡಿ ಓಡುವುದಕ್ಕೆ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯತಕ್ಕದ್ದು. ಹಾಗೆಂದು ಕೈಪಿಡಿಯ ಅಂಕೆಗಿಂತ ಕೆಳಕ್ಕೆ ಇಳಿಸಿದರೆ ಟೈರು ರಿಮ್ಮಿನಿಂದ ಕಳಚುವ ಭಯವುಂಟು.

ಅನಂತರ ಸ್ಪ್ರಿಂಗು. ಅನೇಕ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರಿನ ಸುತ್ತಲಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡೆದ ಒಂದು ಉಂಗುರವಿರುತ್ತದೆ. ಕೊಕ್ಕೆಯಂಥ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿಯುತ್ತದೆ ಅಥವಾ ಸಡಿಲುತ್ತದೆ. ಸವಾರನು ಕುಳಿತಾಗ ಸ್ಪ್ರಿಂಗಿನ ಒಟ್ಟು ಚಲನೆಯಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಕುಸಿದಿದ್ದರೆ ಅದು ಅವನ ತೂಕಕ್ಕೆ ಹೊಂದಿತೆಂದು ತಿಳಿಯಬಹುದು. ಭಾರಿ ಸಾಮಾನು ಹೇರುವುದಕ್ಕಾಗಿ ಬಿಗಿದಿಟ್ಟ ಗಾಡಿಯನ್ನು ಹಗುರ ಮೈಯವರು ಹಾಗೆಯೇ ಓಡಿಸಿದರೆ ಬೆನ್ನಿಗೆ ಹಿಂಸೆ ತಪ್ಪದು. ಹೊಸದಾಗಿ ಕೊಳ್ಳುವವರಾದರೋ, ಹಿಂದಿನ ಗಾಲಿಗಳೆರಡೂ ಒಂದೇ ಅಚ್ಚಿಗೆ ಬಿಗಿದಿರುವ ಗಾಡಿಯನ್ನು ಬಿಟ್ಟು, ಒಂದೊಂದು ಗಾಲಿಯೂ ತನ್ನ ಪಾಡಿಗೆ ತಾನು ಏರಿಳಿಯುವಂಥದನ್ನೇ ಆರಿಸುವುದು ಲೇಸು.

ಇನ್ನು ದೇಹದ ವಿಚಾರ. ಕುಳಿತಿರುವ ಮನುಷ್ಯನ ಬೆನ್ನುಮೂಳೆಯು ಸೆಕೆಂಡಿಗೆ 4ರಿಂದ 6 ಸಲ ಮೇಲೆ ಕೆಳಗೆ ಕಂಪಿಸುವ ಆಧಾರದ ಮೇಲಿದ್ದಾಗ ಆ ಕಂಪನವನ್ನು ತಡೆಯುವುದಕ್ಕೆ ಬದಲಾಗಿ ಇಮ್ಮಡಿಸಿಕೊಳ್ಳುವ ಸ್ವಭಾವವುಳ್ಳದ್ದು. ಒರಟು ನೆಲದ ಮೇಲೆ ಓಡುವ ವಾಹನಗಳ ಅಲುಗಾಟವಾದರೋ ಬಹುಮಟ್ಟಿಗೆ ಈ ವ್ಯಾಪ್ತಿಯ ಆಸುಪಾಸಿನಲ್ಲೇ ಇರುತ್ತದೆ. ತೀರ ಮೆದುವಾದ ಮೆತ್ತೆಯು ಈ ನಿಧಾನಗತಿಯ ಕಂಪನವನ್ನು ತಡೆಯದೆ ಕೆಲವೊಮ್ಮೆ ಹೆಚ್ಚಿಸಲೂಬಹುದು. ದೊಡ್ಡ ಗುಂಡಿಯಲ್ಲಿ ಪೂರ್ತಿ ಅದುಮಿಹೋಗಿ, ಕಡೆಗೆ ಗಟ್ಟಿ ಹಲಗೆಯ ಏಟನ್ನೇ ಕೊಡುತ್ತದೆ. ಆದುದರಿಂದ ಮೆತ್ತೆ ತುಸು ಬಿಗಿಯಾಗಿಯೇ ಇರಲಿ. ಕುಳಿತು ಮುಂದಕ್ಕೆ ಬಾಗಿದಾಗ ಸೊಂಟದ ಮೂಳೆಗಳ ನಡುವಣ ಡಿಸ್ಕಿನ ಮೇಲಿನ ಒತ್ತಡವು ನೆಟ್ಟಗೆ ನಿಂತಾಗಿನದಕ್ಕಿಂತ ಬಹಳ ಹೆಚ್ಚೆಂಬುದನ್ನು 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಡಿಸ್ಕಿನೊಳಕ್ಕೆ ಸೂಜಿ ಇಳಿಸಿ ಅಳೆದು ತೋರಿಸಿದರು. ಹ್ಯಾಂಡಲ್ ದೂರವಾಗಿಯೋ ತಗ್ಗಾಗಿಯೋ ಇದ್ದು ಸವಾರನನ್ನು ಗೂನಾಗಿಸುತ್ತಿದ್ದರೆ, ಅದನ್ನು ಒಂದೆರಡು ಅಂಗುಲ ಎತ್ತರಿಸುವ ಬಿಡಿಭಾಗಗಳು ದೊರೆಯುತ್ತವೆ. ನನ್ನ ಎಣಿಕೆಯಲ್ಲಿ ಈ ಖರ್ಚು ಮೆತ್ತೆಯ ಖರ್ಚಿಗಿಂತ ಸಾರ್ಥಕ.

ಎಲ್ಲಕ್ಕಿಂತ ಮಿಗಿಲಾದ ಸ್ಪ್ರಿಂಗುಗಳು ಸವಾರನ ಕಾಲುಗಳೇ. ಗುಂಡಿಯೋ ದಿಮ್ಮಿಯೋ ಎದುರಿಗೆ ಕಂಡೊಡನೆ ವೇಗ ತಗ್ಗಿಸಿ, ಪಾದಗಳನ್ನು ಮೆಟ್ಟಿನ ಮೇಲೆ ಊರಿ, ಮೊಣಕಾಲುಗಳನ್ನು ತುಸು ಮಡಿಸಿ, ಸೀಟಿನಿಂದ ನಾಲ್ಕು ಬೆರಳಷ್ಟು ಎದ್ದರೂ ಸಾಕು. ಏಟನ್ನು ತೊಡೆಗಳು ಹೊರುತ್ತವೆ, ಬೆನ್ನು ಉಳಿಯುತ್ತದೆ. ಸೀಟು ಅಷ್ಟು ಉದ್ದವಾಗಿರುವುದು ಸವಾರನು ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ಸರಿದು ಗಾಡಿ ಮಗುಚದಂತೆ ನೋಡಿಕೊಳ್ಳಲೆಂದು. ಈ ಕಾರಣದಿಂದಲೇ ಒಬ್ಬರ ಸೀಟಿಗೆ ಎತ್ತರದ ಬೆನ್ನೊರಗನ್ನು ಬಿಗಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಸುಖಕ್ಕೆಂದು ಹಾಕಿದ್ದು ಆ ಸರಿದಾಟಕ್ಕೆ ತಡೆಯಾಗುತ್ತದೆ. ಏಳುವುದೇ ಕಷ್ಟವಾದವರಿಗೆ ಬೆನ್ನೊರಗು, ಬೆಲ್ಟು, ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಇರುವ, ಇಬ್ಬರು ಅಕ್ಕಪಕ್ಕ ಕೂರುವ ಗಾಡಿಯೇ ಯೋಗ್ಯ.

ಕಾಲಿಗೆ ಇಳಿಯುವ ನೋವು, ಜೋಮು ಅಥವಾ ನಿಶ್ಶಕ್ತಿ ಇರುವವರು ವೈದ್ಯರನ್ನು ಕೇಳದೆ ಈ ಸವಾರಿಗೆ ಹೊರಡಲೇಬಾರದು. ಉಳಿದವರೂ ಅರ್ಧ ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆದಾಡಬೇಕು. ಸವಾರಿ ಮುಗಿದೊಡನೆ ಗಾಡಿಯ ಹಿಂಬದಿಯಿಂದ ಮೇವಿನ ಮೂಟೆಯನ್ನೋ ನೀರಿನ ಡಬ್ಬವನ್ನೋ ಬಾಗಿ ಎತ್ತುವ ಆತುರ ಬೇಡ. ಗಂಟೆಗಟ್ಟಲೆ ಕುಲುಕಿ ದಣಿದ ಸ್ನಾಯುಗಳು ಆ ಹೊತ್ತಿನಲ್ಲಿ ಬೆನ್ನನ್ನು ಎಂದಿನ ಬಲದಿಂದ ಹಿಡಿದಿರುವುದಿಲ್ಲ. ಸ್ವಲ್ಪ ಹೊತ್ತು ಓಡಾಡಿ ಮೈ ಸಡಿಲವಾದ ಮೇಲೆ ಎತ್ತಲಿ, ಇಲ್ಲವೆ ಜೊತೆಯಲ್ಲಿದ್ದವರ ಕೈಗೆ ಕೊಡಲಿ.