ತೆಪ್ಪದ ಮೇಲಿಂದ ಮೀನನ್ನು ಅಳೆಯುವ ಕ್ರಮ

ಯಾದಗಿರಿ, ಶಹಾಪುರ ಮತ್ತು ಸುರಪುರದ ಸೀಮೆಯಲ್ಲಿ ಕೃಷ್ಣಾ ಭೀಮಾ ನದಿಗಳಲ್ಲದೆ ಕೆರೆಗಳೂ ಕೃಷಿಹೊಂಡಗಳೂ ಉಂಟು. ನಾರಾಯಣಪುರದ ಬಸವಸಾಗರ ಜಲಾಶಯವೂ ಈ ಭಾಗದ ಮೀನುಗಾರಿಕೆಗೆ ಆಧಾರವಾಗಿದೆ. ಇಂಥ ನೀರಿನಲ್ಲಿ ಮೀನು ಹಿಡಿಯುವವರು ಹರಿಗೋಲನ್ನಾಗಲಿ, ಗಾಳಿ ತುಂಬಿದ ಲಾರಿ ಟ್ಯೂಬಿನ ತೆಪ್ಪವನ್ನಾಗಲಿ ಬಳಸುವರು. ಕೆರೆಗೆ ಬಿಟ್ಟ ಮರಿಗಳು ಎಷ್ಟು ಬೆಳೆದಿವೆಯೆಂಬುದನ್ನು ಕಣ್ಣಂದಾಜಿನಿಂದ ಹೇಳುವುದರಿಂದಲೇ ಗುತ್ತಿಗೆದಾರನಿಗೂ ಊರಿನವರಿಗೂ ವಿವಾದ ಹುಟ್ಟುವುದು. ಅಳತೆಯಿದ್ದಲ್ಲಿ ವಿವಾದಕ್ಕೆ ಎಡೆಯಿರದು.

ಅಳತೆಯ ಪ್ರಯೋಜನ.— ಮೀನಿನ ಉದ್ದವು ಎರಡು ಪಟ್ಟಾದರೆ ಅದರ ತೂಕವು ಸುಮಾರು ಎಂಟು ಪಟ್ಟಾಗುವುದು. 20 ಸೆಂಟಿಮೀಟರ್ ಉದ್ದದ ಮೀನು 100 ಗ್ರಾಂ ತೂಗಿದರೆ, ಅದೇ ಜಾತಿಯ 40 ಸೆಂಟಿಮೀಟರಿನದು 800 ಗ್ರಾಮಿನಷ್ಟು ತೂಗುವುದು. ಆದುದರಿಂದ ಎಳೆಯ ಮೀನನ್ನು ಹಿಡಿದು ಮಾರುವವನು ಬೆಳೆಯನ್ನು ಹಸಿಯಾಗಿಯೇ ಕೊಯ್ದವನಂತೆ ನಷ್ಟ ಹೊಂದುವನು. ಆದರೆ ಬೇಸಗೆಯಲ್ಲಿ ಬತ್ತುವ ಕೆರೆಯಲ್ಲಿ ಬಹುಕಾಲ ಕಾಯುವುದೂ ಸಲ್ಲದು. ಯಾವಾಗ ಹಿಡಿಯಬೇಕೆಂಬುದನ್ನು ಅಳತೆಯೂ ನೀರಿನ ಮಟ್ಟವೂ ಕೂಡಿ ತಿಳಿಸತಕ್ಕವು.

ಉಪಕರಣ.— ಹರಿಗೋಲಿನಲ್ಲಿ 60 ಸೆಂಟಿಮೀಟರ್ ಉದ್ದದ ನಯವಾದ ಹಲಗೆಗೆ ಒಂದು ತುದಿಯಲ್ಲಿ ಅಡ್ಡಪಟ್ಟಿ ಜಡಿದು, ಸೆಂಟಿಮೀಟರ್ ಗೆರೆಗಳನ್ನು ಬಣ್ಣದಿಂದ ಬರೆದಿಟ್ಟುಕೊಳ್ಳಬೇಕು. ಮೀನಿನ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿದರೆ ಅದು ಜಾರದು. ಟ್ಯೂಬಿನ ಮೇಲೆ ಕುಳಿತವನಿಗೆ ಹಲಗೆ ಹಿಡಿಯಲು ಸ್ಥಳವಿಲ್ಲದ ಕಾರಣ, ಗಾಳದ ಕೋಲಿನ ಮೇಲೆಯೇ ಬಣ್ಣದ ಉಂಗುರಗಳನ್ನು ಬರೆಯುವುದು ಅನುಕೂಲ. ಚೂಪು ಅಂಚಿನ ಲೋಹದ ಪಟ್ಟಿಯನ್ನು ಟ್ಯೂಬಿನ ಮೇಲೆ ಒಯ್ಯಬಾರದು. ಮೀಸೆ ಮೀನುಗಳ ರೆಕ್ಕೆಯ ಮುಳ್ಳು ಸಹ ಟ್ಯೂಬನ್ನು ಚುಚ್ಚಬಲ್ಲದಾದ್ದರಿಂದ, ಅಂಥವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹಿಡಿಯಬೇಕು.

ಅಳೆಯುವ ವಿಧಾನ.— (1) ಕೈಯನ್ನೂ ಹಲಗೆಯನ್ನೂ ಮೊದಲು ನೀರಿನಿಂದ ನೆನೆಸಬೇಕು. ಒಣಗಿದ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಳಚಿ ರೋಗಕ್ಕೆ ಎಡೆಯಾಗುವುದು. (2) ಬಾಯಿ ಮುಚ್ಚಿಸಿ, ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಕೊನೆಯವರೆಗೆ ಅಳೆಯತಕ್ಕದ್ದು. ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಬಾಲ ಕವಲಾಗಿರುವುದರಿಂದ ಕೆಲವರು ಕವಲಿನ ತಗ್ಗಿನವರೆಗೆ ಅಳೆಯುವರು. ಕೊರವ ಮೀನಿನ ಬಾಲ ದುಂಡಗಿದ್ದು ಅದಕ್ಕೆ ಈ ಕ್ರಮ ಒಪ್ಪದು. ಯಾವುದಾದರೂ ಒಂದೇ ಕ್ರಮವನ್ನು ಕೊನೆಯವರೆಗೂ ಪಾಲಿಸಬೇಕು. (3) ಅರ್ಧ ನಿಮಿಷದೊಳಗೆ ಕೆಲಸ ಮುಗಿಸಿ, ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದು, ತಾನಾಗಿ ಈಜಿ ಹೋಗುವವರೆಗೆ ಆಧಾರ ಕೊಡಬೇಕು.

ತೂಕದ ಲೆಕ್ಕ.— ಅಲುಗುವ ತೆಪ್ಪದಲ್ಲಿ ತಕ್ಕಡಿಯ ಮುಳ್ಳು ನಿಲ್ಲದು. ಆದಕಾರಣ ಮೀನಿನ ಮೈ ಅತಿ ದಪ್ಪವಿರುವಲ್ಲಿ ದಾರ ಸುತ್ತಿ, ಆ ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ 30ರಿಂದ ಭಾಗಿಸಿದರೆ ಗ್ರಾಮುಗಳಲ್ಲಿ ಸುಮಾರು ತೂಕ ದೊರೆಯುವುದು. ಉದ್ದ 40, ಸುತ್ತಳತೆ 25 ಸೆಂಟಿಮೀಟರ್ ಇದ್ದರೆ 25,000ವನ್ನು 30ರಿಂದ ಭಾಗಿಸಲು 833 ಗ್ರಾಂ ಆಗುವುದು. ಜಾತಿಗೆ ತಕ್ಕಂತೆ ಇದು ಸ್ವಲ್ಪ ಹೆಚ್ಚು ಕಡಿಮೆಯಾಗುವುದರಿಂದ, ದಡದಲ್ಲಿ ಹತ್ತು ಮೀನುಗಳನ್ನು ತೂಗಿ, ಆ ಕೆರೆಗೆ ಹೊಂದುವ ಭಾಜಕವನ್ನು ಒಮ್ಮೆ ಗೊತ್ತುಮಾಡಿಕೊಳ್ಳುವುದು ಉತ್ತಮ.

ಮಾದರಿಯ ಎಚ್ಚರ.— ಒಂದು ದೊಡ್ಡ ಮೀನನ್ನು ಕಂಡು ಕೆರೆಯ ಫಸಲನ್ನು ಅಳೆಯಬಾರದು. ಸಿಕ್ಕುಬಲೆಯು ತನ್ನ ಕಣ್ಣಿಗೆ ಸರಿಹೊಂದುವ ಗಾತ್ರವನ್ನೇ ಹೆಚ್ಚಾಗಿ ಹಿಡಿಯುವುದರಿಂದ ಮಾದರಿಗೆ ಅದು ಯೋಗ್ಯವಲ್ಲ; ಬೀಸುಬಲೆಯಿಂದ ಬೇರೆ ಬೇರೆ ಸ್ಥಳಗಳಲ್ಲಿ, ಬೆಳಗಿನ ತಂಪಿನಲ್ಲಿ, 20 ರಿಂದ 25 ಮೀನುಗಳನ್ನು ಹಿಡಿದು, ಜಾತಿವಾರು ಸರಾಸರಿಯನ್ನು ದಫ್ತರಿನಲ್ಲಿ ಬರೆದಿಡಬೇಕು. ಎರಡು ತಿಂಗಳು ಸರಾಸರಿ ಏರದಿದ್ದರೆ ಮೀನು ಕಿಕ್ಕಿರಿದಿವೆ, ಅಥವಾ ಆಹಾರ ಸಾಲದು, ಅಥವಾ ನೀರು ಕೆಟ್ಟಿದೆಯೆಂದು ಶಂಕಿಸಿ, ಕಾರಣ ತಿಳಿದು ಕೆಲವನ್ನು ಹಿಡಿದು ಕಡಿಮೆ ಮಾಡುವುದಾಗಲಿ, ಆಹಾರ ಹೆಚ್ಚಿಸುವುದಾಗಲಿ ಮಾಡತಕ್ಕದ್ದು.

ಅಣೆಕಟ್ಟಿನಿಂದ ನದಿಗೆ ನೀರು ಬಿಡುವ ದಿನಗಳಲ್ಲಿ ಯಾರೂ ತೆಪ್ಪವಿಳಿಸಬಾರದು; ಮಿಕ್ಕ ದಿನಗಳಲ್ಲಿಯೂ ತೇಲುವ ಅಂಗಿ ತೊಟ್ಟೇ ಹೋಗತಕ್ಕದ್ದು. ಗ್ರಾಮ ಪ್ರಮುಖರು ಕೆರೆಯ ಗುತ್ತಿಗೆಯ ಪತ್ರದಲ್ಲಿಯೇ ಹಿಡಿಯಬಹುದಾದ ಕನಿಷ್ಠ ಉದ್ದವನ್ನೂ ಬಲೆಯ ಕಣ್ಣಿನ ಅಳತೆಯನ್ನೂ ನಮೂದಿಸಿ, ಒಂದು ಅಳತೆಯ ಹಲಗೆಯನ್ನು ಚಾವಡಿಯಲ್ಲಿ ಇರಿಸಿದರೆ, ಕೆರೆಯ ಆದಾಯವೂ ಊರಿನ ನೆಮ್ಮದಿಯೂ ಉಳಿಯುವುವು.