ಐದು ತಿಂಗಳು ನಿಂತ ಕಾರು

ದೀಪಾವಳಿ ಮುಗಿದು, ಹಿಂಗಾರಿ ಬಿತ್ತನೆಯ ಗಡಿಬಿಡಿ ಕಳೆಯುತ್ತಿದ್ದಂತೆ ಸುರಪುರ, ಶಹಾಪುರ ಸೀಮೆಯ ಎಷ್ಟೋ ಓಣಿಗಳು ಖಾಲಿಯಾಗುತ್ತವೆ. ಬೆಂಗಳೂರು, ಮುಂಬಯಿ, ಪುಣೆ, ಗೋವೆಗಳ ಕಟ್ಟಡ ಕೆಲಸಕ್ಕೆ ಜನ ಗುಳೆ ಹೊರಡುವುದು ಇಲ್ಲಿ ಹೊಸ ಸಂಗತಿಯೇನಲ್ಲ. ಹೊಸದೇನೆಂದರೆ, ಈಗ ಅವರಲ್ಲಿ ಕೆಲವರು ಮನೆಗೆ ಬೀಗ ಹಾಕುವಾಗ ಅಂಗಳದಲ್ಲಿ ಒಂದು ಕಾರನ್ನೂ ಬಿಟ್ಟು ಹೋಗುತ್ತಾರೆ. ಗುತ್ತಿಗೆ ಹಿಡಿದು ನಾಲ್ಕು ಕಾಸು ಕಂಡ ಮೇಸ್ತ್ರಿ, ನಗರದಲ್ಲಿ ನೌಕರಿಗಿರುವ ಮಗ, ಯಾರಾದರೂ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತುಹೋದರೂ ಅದರ ವಂಶ ನಮ್ಮ ಕಡೆ ಇನ್ನೂ ಅಳಿದಿಲ್ಲ. ತಗಡಿನ ಶೆಡ್ಡಿನಲ್ಲೋ ಬೇವಿನ ಮರದ ಕೆಳಗೋ ನಿಂತು, ಮೇಲೊಂದು ತಾಡಪತ್ರಿ ಹೊದ್ದು, ಮಾಘದ ಮೌನೇಶ್ವರ ಜಾತ್ರೆಗೋ ಯುಗಾದಿಗೋ ಬರುವ ಒಡೆಯನ ದಾರಿ ಕಾಯುತ್ತಿರುತ್ತದೆ.

ಒಡೆಯ ಬರುತ್ತಾನೆ. ತಾಡಪತ್ರಿ ಎಳೆದು, ಧೂಳು ಝಾಡಿಸಿ, ಕೀಲಿ ತಿರುಗಿಸುತ್ತಾನೆ. 'ಟಕ್' ಎನ್ನುತ್ತದೆ, ಅಷ್ಟೇ. ಅಲ್ಲಿಗೆ ಓಣಿಯ ಹುಡುಗರೆಲ್ಲ ಸೇರಿ ನೂಕಲು ಶುರು. ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕಾರು ಕೆಮ್ಮಿ, ಕಪ್ಪು ಹೊಗೆ ಕಾರಿ, ಗುರ್ರೆನ್ನುತ್ತದೆ. 'ಚಾಲೂ ಆತು ನೋಡ್ರಿ, ಗಾಡಿ ಮಸ್ತ್ ಐತಿ!' ಎಂಬ ಉದ್ಗಾರ. ನಿಲ್ಲಿಸಿದರೆ ಮತ್ತೆ ಶುರುವಾಗದು ಎಂಬ ಭಯಕ್ಕೆ, ಹಾಗೆಯೇ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಹೆದ್ದಾರಿಗೆ ಇಳಿಸುವವರೂ ಉಂಟು. ಶಹಾಪುರ-ಸುರಪುರ-ಲಿಂಗಸುಗೂರು ರಸ್ತೆ ಹಗಲಿರುಳೂ ಲಾರಿಗಳು ಓಡುವ ರಸ್ತೆ. ತಿಂಥಣಿಯ ಹತ್ತಿರ ಅದು ಕೃಷ್ಣೆಯನ್ನು ದಾಟುತ್ತದೆ. ಐದು ತಿಂಗಳು ನಿಂತ ಗಾಡಿಯ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬ ಪರೀಕ್ಷೆ ಆ ಸೇತುವೆಯ ಮೇಲೆ ನಡೆಯಬೇಕೇ?

ನಮ್ಮ ಜನ ಗಾಡಿ ಸರಿಯಿದೆ ಎನ್ನಲು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಅದು ಶುರುವಾಗಬೇಕು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಶುರುವಾಗದ ಕಾರಿನಿಂದ ಯಾರಿಗೂ ಅಪಾಯವಿಲ್ಲ, ಅಂಗಳದಲ್ಲೇ ಇರುತ್ತದೆ. ನಿಲ್ಲದ ಕಾರಿನ ಸಂಗತಿಯೇ ಬೇರೆ.

ಬ್ರೇಕಿನೊಳಗಿನ ನೀರು

ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಪ್ಯಾಸ್ಕಲನ ನಿಯಮ ಹೇಳುವಾಗ ನಾವು ಕಾರಿನ ಬ್ರೇಕನ್ನೇ ಉದಾಹರಣೆ ಕೊಡುತ್ತೇವೆ. ಕಾಲಿನಿಂದ ಒತ್ತಿದ ಒತ್ತಡವನ್ನು ಕೊಳವೆಯಲ್ಲಿರುವ ದ್ರವ ನಾಲ್ಕೂ ಚಕ್ರಗಳಿಗೆ ಮುಟ್ಟಿಸುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಒತ್ತಡ ಎಲ್ಲೂ ಸೋರಿಹೋಗುವುದಿಲ್ಲ. ಪಾಠ ಅಲ್ಲಿಗೆ ಮುಗಿಯುತ್ತದೆ. ಪಾಠದಲ್ಲಿ ಇಲ್ಲದ್ದೆಂದರೆ, ಈ ಬ್ರೇಕ್ ಎಣ್ಣೆ ನಿಜವಾಗಿ ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ರಾಸಾಯನಿಕ. ಬೆಲ್ಲ ಮಳೆಗಾಲದಲ್ಲಿ ಜಿನುಗುವ ಹಾಗೆ ಇದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಡಿ ಓಡಲಿ, ನಿಲ್ಲಲಿ, ಈ ಕೆಲಸ ನಡೆದೇ ಇರುತ್ತದೆ.

ನೀರು ಸೇರಿದರೇನು? ಡಬ್ಬದ ಮೇಲೆ 'ಡಾಟ್ 3' ಎಂದು ಬರೆದಿರುವ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. 'ಡಾಟ್ 4' ಸ್ವಲ್ಪ ಮೇಲು: 230ರಿಂದ 155ಕ್ಕೆ. ಈಗ ಇನ್ನೊಂದು ಲೆಕ್ಕ ನೋಡಿ. ಜನ ತುಂಬಿದ ಸಣ್ಣ ಕಾರಿನ ತೂಕ ಒಂದು ಸಾವಿರ ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು ಎರಡೂವರೆ ಲಕ್ಷ ಜೂಲ್. ಗಾಡಿ ನಿಂತಾಗ ಅದರ ಬಹುಪಾಲು ಶಾಖವಾಗಿ ಬ್ರೇಕಿನಲ್ಲಿಯೇ ಉಳಿಯುತ್ತದೆ. ಒಂದು ಲೀಟರ್ ತಣ್ಣೀರನ್ನು 20 ಡಿಗ್ರಿಯಿಂದ 80ರ ಹತ್ತಿರಕ್ಕೆ ಕಾಯಿಸುವಷ್ಟು ಶಾಖ ಅದು. ಎದುರಿಗೆ ಎತ್ತಿನ ಬಂಡಿ, ಕುರಿ ಹಿಂಡು, ಟ್ರ್ಯಾಕ್ಟರ್ ಎಂದು ಮೇಲಿಂದ ಮೇಲೆ ಬ್ರೇಕ್ ಹಾಕಿದರೆ ಶಾಖ ಕೂಡುತ್ತಲೇ ಹೋಗುತ್ತದೆ. ಹಳೆಯ, ನೀರು ಕುಡಿದ ದ್ರವ ಒಂದು ಕಡೆ ಕುದಿದು ಆವಿಯಾಯಿತೆನ್ನಿ. ಆವಿ ಕುಗ್ಗುತ್ತದೆ. ಪ್ಯಾಸ್ಕಲ್ ಕೈಬಿಡುತ್ತಾನೆ. ಪೆಡಲ್ ನೆಲಕ್ಕೆ ಹೋಗುತ್ತದೆ.

ಇದಕ್ಕಿಂತ ಸಾಮಾನ್ಯವಾದದ್ದು ರಬ್ಬರಿನ ತೊಂದರೆ. ಬ್ರೇಕಿನ ಸಿಲಿಂಡರುಗಳಲ್ಲಿ ದ್ರವ ಸೋರದಂತೆ ತಡೆಯುವ ರಬ್ಬರ್ ಬಿಲ್ಲೆಗಳು ಹಳೆಯದಾಗಿದ್ದರೆ, ತಿಂಗಳುಗಟ್ಟಲೆ ಅಲುಗಾಡದೆ ಕುಳಿತಾಗ ಗಡಸಾಗಿ ಬಿರುಕು ಬಿಡಬಹುದು. ನಮ್ಮ ಊರಿನಲ್ಲೇ ಒಬ್ಬರ ಕಾರು ಹೀಗೆ ನೂಕಿಸಿಕೊಂಡು ಶುರುವಾಗಿ, ಓಣಿಯ ತಿರುವಿನಲ್ಲಿ ಬ್ರೇಕ್ ಹಿಡಿಯದೆ, ಸುದೈವದಿಂದ ಕಣಕಿ ಬಣವೆಗೆ ಹೋಗಿ ಕುಳಿತಿತು. ಬಣವೆಯ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಹುಡುಗರು ಗೋಲಿ ಆಡುತ್ತಿದ್ದರು. ಒಳಗೆ ಬಗ್ಗಿ ನೋಡಿದರೆ ಹಿಂದಿನ ಚಕ್ರದ ಒಳಮೈ ಪೂರಾ ಒದ್ದೆ.

ಪರೀಕ್ಷೆ ಸುಲಭ, ಹತ್ತು ನಿಮಿಷದ ಕೆಲಸ. ಎಂಜಿನ್ ಮುಟ್ಟುವ ಮೊದಲು ಬ್ರೇಕ್ ದ್ರವದ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ ನೋಡಿ. ಹೋಗುವಾಗ ಇದ್ದುದಕ್ಕಿಂತ ಇಳಿದಿದ್ದರೆ ಎಲ್ಲೋ ಸೋರಿದೆ. ಮೇಲೆ ಸುರಿದು ಮುಂದೆ ಹೋಗುವ ಮಾತಲ್ಲ. ನಾಲ್ಕೂ ಚಕ್ರಗಳ ಒಳಬದಿ ಒದ್ದೆಯಿದೆಯೇ ಬಗ್ಗಿ ನೋಡಿ. ಆಮೇಲೆ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಬಲವಾಗಿ ಅದುಮಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಕಾಲ ಕೆಳಗೆ ಕಲ್ಲಿನಂತೆ ನಿಂತರೆ ಒಳ್ಳೆಯದು, ನಿಧಾನವಾಗಿ ಇಳಿಯುತ್ತ ಹೋದರೆ ಗಾಡಿ ಅಂಗಳ ಬಿಡಬಾರದು. ಪೆಡಲ್ ಒತ್ತಿ ಹಿಡಿದೇ ಎಂಜಿನ್ ಶುರು ಮಾಡಿದಾಗ ಅದು ತುಸು ಕೆಳಗಿಳಿದು ನಿಲ್ಲಬೇಕು. ಹಾಗಾದರೆ ಬ್ರೇಕಿಗೆ ನೆರವಾಗುವ ನಿರ್ವಾತ ಪೆಟ್ಟಿಗೆಯೂ ಸರಿಯಿದೆ ಎಂದರ್ಥ. ಇಷ್ಟಾದ ಮೇಲೆ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿ. ಡಿಸ್ಕಿನ ಮೇಲೆ ಹತ್ತಿದ ತುಕ್ಕು ಮೊದಲು ಕರಕರ ಎಂದು ಸದ್ದು ಮಾಡಿ, ಆಮೇಲೆ ತಾನೇ ಕಳೆಯುತ್ತದೆ. ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಎಂಜಿನ್ ಆಯಿಲ್ ಬದಲಿಸುವ ನಮ್ಮವರಲ್ಲಿ ಇದನ್ನು ಬದಲಿಸುವವರು ನೂರಕ್ಕೆ ಎಷ್ಟು ಮಂದಿಯೋ!

ಚಳಿ ಒಳ್ಳೆಯದು, ಬಿಸಿಲು ಕೆಟ್ಟದ್ದು

ಅಮೆರಿಕ, ಕೆನಡಾದಂಥ ಹಿಮದ ನಾಡುಗಳಲ್ಲಿ ಚಳಿಗಾಲಕ್ಕೆ ಕಾರನ್ನು ಮುಚ್ಚಿಟ್ಟು ವಸಂತದಲ್ಲಿ ಹೊರತೆಗೆಯುವುದು ಒಂದು ವಾಡಿಕೆ. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಬ್ಬಿಣವನ್ನು ತಿನ್ನುವುದರಿಂದ ಪ್ರೀತಿಯ ಕಾರನ್ನು ಹೊರಗೆ ತೆಗೆಯುವುದೇ ಇಲ್ಲ. ಅಲ್ಲಿರುವ ನಮ್ಮ ಕನ್ನಡದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಆ ನಾಡಿನ ಸಲಹೆಗಳನ್ನೇ ಇಲ್ಲಿಯೂ ಒಪ್ಪಿಸುತ್ತಾರೆ. ಕೆಲವು ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಬ್ಯಾಟರಿಯ ವಿಷಯದಲ್ಲಂತೂ ಲೆಕ್ಕ ಪೂರ್ತಿ ತಿರುವು.

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಬಳಸದೆ ಇಟ್ಟರೂ ತನ್ನಷ್ಟಕ್ಕೆ ತಾನು ವಿದ್ಯುತ್ತನ್ನು ಕಳೆದುಕೊಳ್ಳುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಮಿನ್ನೆಸೋಟದ ಗ್ಯಾರೇಜಿನ ಚಳಿಯಲ್ಲಿ ಅದು ಹಾಯಾಗಿರುತ್ತದೆ. ಖಾಲಿಯಾದ ಬ್ಯಾಟರಿಯ ಆಮ್ಲ ಮಾತ್ರ ನೀರು ನೀರಾಗಿ, ಮೈನಸ್ ಹತ್ತರ ಆಸುಪಾಸಿನಲ್ಲೇ ಗಟ್ಟಿಯಾಗಬಹುದು. ನಮಗೆ ಆ ಚಿಂತೆಯಿಲ್ಲ. ನಮ್ಮ ಶತ್ರು ತಗಡಿನ ಶೆಡ್ಡು. ಮಾರ್ಚಿಯಲ್ಲಿ ಹೊರಗಿನ ಬಿಸಿಲೇ ನಲವತ್ತರ ಹತ್ತಿರ ಹೋಗುವ ನಾಡಿನಲ್ಲಿ ತಗಡಿನ ಕೆಳಗೆ ಎಷ್ಟಿರುತ್ತದೆ ಎಂಬುದನ್ನು ಅಲ್ಲಿ ಐದು ನಿಮಿಷ ನಿಂತವರೇ ಬಲ್ಲರು. ಶೆಡ್ಡಿಗಿಂತ ಬೇವಿನ ಮರದ ನೆರಳೇ ಮೇಲು, ಹಕ್ಕಿಗಳ ಕಾಟವನ್ನು ಸಹಿಸುವುದಾದರೆ.

ಇದರ ಮೇಲೆ ಈಗಿನ ಕಾರುಗಳ ಗಡಿಯಾರ, ಕಳ್ಳಗಂಟೆ, ಬೀಗದ ಯಂತ್ರಗಳು ಕಾರು ನಿಂತಾಗಲೂ ಸದಾ ಸ್ವಲ್ಪ ವಿದ್ಯುತ್ ಹೀರುತ್ತವೆ. ಅದು ಮೂವತ್ತು ಮಿಲಿಆಂಪಿಯರ್ ಎಂದುಕೊಂಡರೆ, 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಏಳು ವಾರದೊಳಗೆ ಬರಿದು. ಊರು ಬಿಡುವ ದಿನ ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿಟ್ಟು ಹೋದರೆ ಈ ಸೋರಿಕೆ ನಿಲ್ಲುತ್ತದೆ. ಒಂದು ಸ್ಪ್ಯಾನರ್, ಎರಡು ನಿಮಿಷ.

ತಿರುಗಿ ಬಂದಾಗ ವೋಲ್ಟ್‌ಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ಪೂರ್ಣ, 12.4ಕ್ಕಿಂತ ಕಡಿಮೆಯಾದರೆ ಚಾರ್ಜಿಗೆ ಹಾಕಬೇಕು. 12ಕ್ಕಿಂತ ಕೆಳಗಿಳಿದು ಬಹಳ ದಿನ ಇದ್ದಿದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕುಳಿತು, ಬ್ಯಾಟರಿ ಮತ್ತೆ ಮೊದಲಿನಂತಾಗುವುದು ಕಷ್ಟ. ನೀರು ಹಾಕುವ ಬ್ಯಾಟರಿಯಾದರೆ ಶುದ್ಧ ಭಟ್ಟಿ ನೀರನ್ನೇ ಹಾಕಿ. ಲವಣ ತುಂಬಿದ ಬೋರ್‌ವೆಲ್ ನೀರು ಅದಕ್ಕೆ ವಿಷ. ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ. ಬೀಡಿ ಸೇದುವವರನ್ನು ದೂರ ಕಳಿಸಿ. ಇನ್ನೊಂದು ಗಾಡಿಯಿಂದ ತಂತಿ ಎಳೆದು ಶುರು ಮಾಡುವುದಾದರೆ ಕೊನೆಯ ಕಪ್ಪು ತಂತಿಯನ್ನು ಸತ್ತ ಬ್ಯಾಟರಿಗೆ ಹಚ್ಚದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಹಚ್ಚಬೇಕು. ಕಿಡಿ ಹಾರಿದರೂ ಅನಿಲದ ಹತ್ತಿರ ಹಾರುವುದಿಲ್ಲ.

ಬಾಡಿಗೆ ಇಲ್ಲದ ಒಕ್ಕಲುಗಳು

ನಮ್ಮಲ್ಲಿ ಕಾರಿನ ಪಕ್ಕವೇ ತೊಗರಿ ಹೊಟ್ಟು, ಜೋಳದ ಚೀಲ, ಹತ್ತಿ ಕಟ್ಟಿಗೆ ಒಟ್ಟುವುದು ರೂಢಿ. ಇಲಿಗೆ ಇದಕ್ಕಿಂತ ಸುಖದ ಮನೆ ಇಲ್ಲ: ಊಟ ಪಕ್ಕದಲ್ಲಿ, ಮಲಗಲು ಗಾಳಿ ಸೋಸುವ ಫಿಲ್ಟರ್ ಪೆಟ್ಟಿಗೆ. ಹಲ್ಲು ಸವೆಸಲು ತಂತಿಗಳೂ ಉಂಟು. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಬಾನೆಟ್ ಎತ್ತಿದ ಕೂಡಲೇ ಕೈ ಹಾಕಬೇಡಿ. ಕೋಲಿನಿಂದ ತಟ್ಟಿ, ಬ್ಯಾಟರಿ ದೀಪ ಬಿಟ್ಟು, ಮೂಲೆ ಮೂಲೆ ನೋಡಿ. ಸೀಟಿನ ಕೆಳಗೂ ನೋಡಿ. ಕಡಿದ ತಂತಿ ಕಂಡರೆ ಎಂಜಿನ್ ಶುರು ಮಾಡುವುದು ಬೆಂಕಿಗೆ ಆಹ್ವಾನ. ಹೊಗೆ ಕೊಳವೆಯ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು, ಅದನ್ನೂ ಕೆರೆದು ತೆಗೆಯಬೇಕು. ಕಾರಿನ ಕೆಳಗೆ ಒಣ ಹೊಟ್ಟು ಹರಡಿದ್ದರೆ ಗುಡಿಸಿ. ಕಾದ ಹೊಗೆ ಕೊಳವೆಗೆ ಹೊಟ್ಟು ತಗುಲಿದರೆ ಹತ್ತಿಕೊಳ್ಳಲು ತಡವಿಲ್ಲ.

ಎಂಜಿನ್ ಶುರು ಮಾಡುವುದು ಬಯಲಿನಲ್ಲಿ. ಮುಚ್ಚಿದ ಶೆಡ್ಡಿನಲ್ಲಿ ಬಣ್ಣ, ವಾಸನೆ ಯಾವುದೂ ಇಲ್ಲದ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಅದರ ಮೇಲೆ ಒಲವು.

'ನಮ್ಮ ತಮ್ಮ ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಇಡ್ತಾನ್ರಿ' ಎನ್ನುವವರಿದ್ದಾರೆ. ಒಳ್ಳೆಯ ಉದ್ದೇಶವೇ, ಆದರೆ ಒಳ್ಳೆಯ ಕೆಲಸವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸಿದರೆ ಹೊಗೆ ಕೊಳವೆಯಲ್ಲೂ ಆಯಿಲ್ಲಿನಲ್ಲೂ ಉಳಿದು ತುಕ್ಕಿಗೆ ದಾರಿ. ತಮ್ಮನಿಗೆ ಪರವಾನಗಿ ಇದ್ದರೆ ಹದಿನೈದು ದಿನಕ್ಕೊಮ್ಮೆ ಸುರಪುರದವರೆಗೆ ಹೋಗಿ ಬರಲಿ, ಇಲ್ಲವೇ ಮುಟ್ಟದೆ ಇರಲಿ.

ಪೆಟ್ರೋಲಿನ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವುದು ಸಾಮಾನ್ಯವಾಯಿತು. ಬ್ರೇಕ್ ದ್ರವದಂತೆ ಎಥೆನಾಲಿಗೂ ನೀರಿನ ಆಸೆ. ಟ್ಯಾಂಕು ತುಂಬಿಸಿ ಬಿಟ್ಟರೆ ಒಳಗೆ ತೇವದ ಗಾಳಿಗೆ ಜಾಗವಿರುವುದಿಲ್ಲ. ಬಂದ ಮೇಲೆ ಹೊಸ ಪೆಟ್ರೋಲ್ ಬೆರೆಸಿ ಓಡಿಸಿದರಾಯಿತು.

ಟೈರು ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ನಿಂತ ಟೈರು ತಿಂಗಳಿಗೆ ಒಂದೆರಡು ಪೌಂಡಿನಂತೆ ಗಾಳಿ ಕಳೆದುಕೊಳ್ಳುತ್ತದೆ. ಐದು ತಿಂಗಳಲ್ಲಿ ಮೂವತ್ತು ಇದ್ದದ್ದು ಇಪ್ಪತ್ತೆರಡಾಗಿದ್ದರೂ ನೋಡಲು ಹೆಚ್ಚು ವ್ಯತ್ಯಾಸ ಕಾಣದು. ಕಡಿಮೆ ಗಾಳಿಯ ಟೈರು ಬಿಸಿಲಿನಲ್ಲಿ, ಏಳು ಜನರ ಭಾರಕ್ಕೆ, ಮಡಚಿ ಮಡಚಿ ಕಾದು ಸಿಡಿಯುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಓಡುವ ಕಾರಿನ ಟೈರಿನ ಗೆರೆಗಳು ಸವೆಯುವುದೇ ಇಲ್ಲ, ಹೊಸದರಂತೆ ಕಾಣುತ್ತವೆ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಮಗ್ಗುಲಲ್ಲಿ ಉದ್ದನೆಯ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿವೆ: 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಬಾಯಿಬಿಟ್ಟ ಸಣ್ಣ ಬಿರುಕುಗಳಿದ್ದರೆ ಗೆರೆ ಎಷ್ಟೇ ಚೆನ್ನಾಗಿರಲಿ ಬದಲಿಸಿ. ಹೊರಡುವ ಮುನ್ನ ಚಕ್ರಕ್ಕೆ ನಿಂಬೆಹಣ್ಣು ಇಡುವುದರ ಬಗ್ಗೆ ನನ್ನ ತಕರಾರಿಲ್ಲ. ಹೇಗೂ ಬಗ್ಗುತ್ತೀರಲ್ಲ, ಆ ನಾಲ್ಕು ಅಂಕಿಗಳನ್ನೂ ಓದಿಬಿಡಿ.

ಕಾಗದಪತ್ರಗಳಿಗೂ ಮುದ್ದತು ತೀರುತ್ತದೆ. ಮೂರನೆಯವರ ಹಾನಿಯ ವಿಮೆ ಇಲ್ಲದೆ ಗಾಡಿಯನ್ನು ರಸ್ತೆಗಿಳಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಗುಳೆ ಹೋದ ಐದು ತಿಂಗಳಲ್ಲಿ ವಿಮೆಯ ಅವಧಿ ಮುಗಿದಿದ್ದು ಗೊತ್ತಾಗುವುದು ಹಲವರಿಗೆ ಅಪಘಾತವಾದ ಮೇಲೆಯೇ. ಒಬ್ಬನ ದುಡಿಮೆಯ ಹತ್ತು ವರ್ಷದ ಗಳಿಕೆ ಒಂದು ಪರಿಹಾರದ ತೀರ್ಪಿಗೆ ಹೋಗಬಹುದು. ಹೊಗೆ ತಪಾಸಣೆಯ ಚೀಟಿಯನ್ನೂ ನೋಡಿಕೊಳ್ಳಿ.

ಹಬ್ಬ ಮುಗಿಸಿ ಮತ್ತೆ ಹೊರಡುವವರು ಕಾರು ನಿಲ್ಲಿಸುವಾಗ ಕೈಬ್ರೇಕ್ ಎಳೆದು ಬಿಡಬೇಡಿ. ಒಳಗಿನ ಪಟ್ಟಿ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡು, ಮುಂದಿನ ಸಲ ಚಕ್ರ ತಿರುಗಲು ಒಪ್ಪುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೊದಲ ಗೇರಿನಲ್ಲಿಟ್ಟು, ಎರಡು ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕಲ್ಲು ಕೊಟ್ಟಿದೆ, ಗೇರಿನಲ್ಲಿದೆ, ಬ್ಯಾಟರಿ ತಂತಿ ಬಿಚ್ಚಿದೆ ಎಂದು ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ಐದು ತಿಂಗಳ ಮೇಲೆ ಆ ಕೀಲಿ ತಿರುಗಿಸುವವರು ನೀವೇ ಆಗಿರಬೇಕೆಂದಿಲ್ಲ.